‘ಪಾಸಿಟಿವ್’ ಅಂದ್ರ ಛಲೋ ಅಲ್ಲೇನ್ರಿ ಆಪಾ?

ಕಳೆದ ವರ್ಷ ಒಂದು ಸಂಜೆ ತಾಜಸುಲ್ತಾನಪುರದ ನಮ್ಮ ಮನೆಗೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ಆಸ್ಪತ್ರೆಯ ಕಾಗದಗಳು. ಮೂರು ವಾರದ ಹಿಂದೆ ಸ್ತನವನ್ನು ಉಳಿಸಿ ಕ್ಯಾನ್ಸರ್ ಗಡ್ಡೆಯನ್ನಷ್ಟೇ ತೆಗೆದಿದ್ದರು. ಈಗ ಇನ್ನೊಮ್ಮೆ ಕೊಯ್ಯಬೇಕೆಂದು ಕರೆ ಬಂದಿತ್ತು.

“ವರದಿಯೊಳಗ ಪಾಸಿಟಿವ್ ಅಂತ ಬರದದಂತ, ಮಗ ಓದಿ ಹೇಳಿದ. ಪಾಸಿಟಿವ್ ಅಂದ್ರ ಛಲೋ ಅಲ್ಲೇನ್ರಿ ಆಪಾ? ಮತ್ತ ಯಾಕ ಕೊಯ್ತಾರ?”

ಮನೆಯಲ್ಲಿ ಜಗಳವೇ ನಡೆದಿತ್ತು. ಮೊದಲ ಸಲ ಡಾಕ್ಟರು ಸರಿಯಾಗಿ ಮಾಡಿಲ್ಲ, ಈಗ ದುಡ್ಡಿಗಾಗಿ ಕರೆಯುತ್ತಿದ್ದಾರೆ ಎಂದು ಮೈದುನನ ವಾದ. ಹೋಗುವುದೇ ಬೇಡ ಎಂಬಲ್ಲಿಗೆ ಮಾತು ಬಂದು ನಿಂತಿತ್ತು.

ನಾನು ಮದ್ರಸಾದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿದವಳು, ವೈದ್ಯಳಲ್ಲ. ಪರಿಚಯದ ವೈದ್ಯೆಯೊಬ್ಬರನ್ನು ಕೇಳಿ, ಓದಿ ತಿಳಿದುಕೊಂಡೆ. ಕೊಳೆತ ಮಾವಿನ ಹಣ್ಣನ್ನು ಹೆಚ್ಚುವಾಗ ಕೆಟ್ಟ ಭಾಗದ ಸುತ್ತ ಸ್ವಲ್ಪ ಒಳ್ಳೆಯದನ್ನೂ ಸೇರಿಸಿ ತೆಗೆಯುತ್ತೇವಲ್ಲ, ಗಡ್ಡೆಯನ್ನೂ ಹಾಗೆಯೇ ತೆಗೆಯುತ್ತಾರೆ. ತೆಗೆದ ತುಂಡಿನ ಹೊರಮೈಗೆ ಪ್ರಯೋಗಾಲಯದಲ್ಲಿ ಶಾಯಿ ಬಳಿದು, ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶಾಯಿ ತಗುಲಿದಲ್ಲೇ ಕ್ಯಾನ್ಸರ್ ಕೋಶ ಕಂಡರೆ ಅಂಚು ‘ಪಾಸಿಟಿವ್’. ಅಂದರೆ ಒಳಗೆ ಇನ್ನೂ ಉಳಿದಿರಬಹುದು. ಈ ಕಾಗದದಲ್ಲಿ ‘ನೆಗೆಟಿವ್’ ಎಂಬುದೇ ಶುಭ ಸುದ್ದಿ! ಅಂಚಿನ ಕೋಶ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಹಾಗಾಗಿ ಎರಡನೇ ಕರೆ ಬಂದ ಮಾತ್ರಕ್ಕೆ ವೈದ್ಯರು ತಪ್ಪು ಮಾಡಿದರು ಎನ್ನಲಾಗದು.

ಎಷ್ಟು ಅಂಚು ಬಿಡಬೇಕೆಂಬ ಬಗ್ಗೆ ವೈದ್ಯರಲ್ಲೇ ಬಹುಕಾಲ ಭಿನ್ನಾಭಿಪ್ರಾಯವಿತ್ತು. ಹರಡುವ ಬಗೆಯ ಸ್ತನ ಕ್ಯಾನ್ಸರಿನಲ್ಲಿ, ಮುಂದೆ ವಿಕಿರಣ ಚಿಕಿತ್ಸೆ ಇರುವುದಾದರೆ, ಶಾಯಿಯ ಮೇಲೆ ಕ್ಯಾನ್ಸರ್ ಕೋಶ ಇರದಿದ್ದರೆ ಸಾಕು ಎಂದು 2014ರಲ್ಲಿ ಅಮೆರಿಕದ ತಜ್ಞರ ಸಂಘಗಳು ಹೇಳಿದವು. ಅಂಚು ಪಾಸಿಟಿವ್ ಇದ್ದವರಲ್ಲಿ ಅದೇ ಸ್ತನದಲ್ಲಿ ರೋಗ ಮರಳುವ ಸಂಭವ ಕನಿಷ್ಠ ಎರಡು ಪಟ್ಟು ಎಂಬುದನ್ನೂ ಅವರು ಗುರುತಿಸಿದರು.

ಹಾಗೆಂದು ಪಾಸಿಟಿವ್ ಬಂದವರೆಲ್ಲರ ಒಳಗೂ ಕ್ಯಾನ್ಸರ್ ಉಳಿದಿರುತ್ತದೆ ಎಂದಲ್ಲ. ಎರಡನೇ ಸಲ ತೆಗೆದ ತುಂಡಿನಲ್ಲಿ ಎಷ್ಟೋ ಜನರಿಗೆ ಏನೂ ಸಿಗುವುದಿಲ್ಲ. ಯಾರಲ್ಲಿ ಉಳಿದಿರಬಹುದೆಂದು ಮೊದಲೇ ಅಂದಾಜಿಸಲು ವೈದ್ಯರು ಕೆಲವು ಗುರುತುಗಳನ್ನು ನೋಡುತ್ತಾರೆ: ಗಡ್ಡೆ ದೊಡ್ಡದೇ, ಒಂದಕ್ಕಿಂತ ಹೆಚ್ಚು ಅಂಚುಗಳಲ್ಲಿ ಕೋಶಗಳಿವೆಯೇ, ಹಾಲಿನ ನಾಳಗಳೊಳಗೂ ರೋಗ ಹಬ್ಬಿದೆಯೇ. ಇವುಗಳಿಗೆ ಅಂಕ ಕೊಟ್ಟು ಲೆಕ್ಕ ಹಾಕುವ ಕ್ರಮವೂ ಇದೆ. ಆದರೆ ಅದು ಅಂದಾಜು, ಖಾತರಿಯಲ್ಲ.

ಅಂಚು ಶುದ್ಧವಾಗಿದ್ದರೂ ಕಾಣದ ಕೋಶಗಳು ಉಳಿದಿರಬಹುದು. ವಿಕಿರಣ ಚಿಕಿತ್ಸೆ ಇರುವುದೇ ಅದಕ್ಕಾಗಿ. ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಸಂಗಡಿಗರು 1,851 ಮಹಿಳೆಯರನ್ನು 20 ವರ್ಷ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಡ್ಡೆ ಮಾತ್ರ ತೆಗೆಸಿಕೊಂಡವರಲ್ಲಿ ಶೇ. 39.2ರಷ್ಟು ಮಂದಿಗೆ ಅದೇ ಸ್ತನದಲ್ಲಿ ರೋಗ ಮರಳಿತ್ತು. ವಿಕಿರಣವನ್ನೂ ಪಡೆದವರಲ್ಲಿ ಶೇ. 14.3 ಮಾತ್ರ. ಇಡೀ ಸ್ತನ ತೆಗೆಸಿಕೊಂಡವರಿಗೂ ಉಳಿಸಿಕೊಂಡವರಿಗೂ ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಸ್ತನ ಉಳಿಸಿಕೊಂಡು ವಿಕಿರಣ ತಪ್ಪಿಸುವವರು ಈ ಅಂಕಿಗಳನ್ನೊಮ್ಮೆ ನೋಡಬೇಕು. ಕೆಲವು ವಾರ ದಿನಾ ಓಡಾಡುವುದು ಬಡವರ ಮನೆಗೆ ಕಷ್ಟವೇ. ಆದರೂ ನಮ್ಮ ಭಾಗದವರು ಎಲ್ಲದಕ್ಕೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೂ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಆಕೆ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ಗಡ್ಡೆ ಕೈಗೆ ಸಿಕ್ಕಿ ಏಳು ತಿಂಗಳಾಗಿತ್ತಂತೆ, ನಾಚಿಕೆಯಿಂದ ಗಂಡನಿಗೂ ಹೇಳಿರಲಿಲ್ಲವಂತೆ. ಹಯಾ ಎಂದರೆ ರೋಗವನ್ನು ಬಚ್ಚಿಡುವುದೆಂದು ನಮಗೆ ಯಾರು ಕಲಿಸಿದರೋ!

ಮುಂದಿನ ವಾರ ಗಂಡನೇ ಕರೆದೊಯ್ದರು. ಎರಡನೇ ತುಂಡಿನಲ್ಲಿ ಏನೂ ಸಿಗಲಿಲ್ಲ. “ನಾ ಹೇಳಿದ್ದಿಲ್ಲೇನು, ಸುಮ್ಮನ ಕೊಯ್ದರು” ಎಂದರಂತೆ ಮೈದುನ. “ಏನೂ ಇಲ್ಲ ಅಂತ ಕೊಯ್ದ ಮ್ಯಾಲೇ ಗೊತ್ತಾತಲ್ಲ” ಎಂದು ಆಕೆ ಉತ್ತರಿಸಿ, ಮರುದಿನ ವಿಕಿರಣ ಚಿಕಿತ್ಸೆಯ ದಿನಾಂಕ ಕೇಳಲು ಬಸ್ಸು ಹತ್ತಿದರು.