ಮೊದಲು ಎಲೆ, ಆಮೇಲೆ ಹೂವು

ಅಮೆರಿಕದ ವಾಯವ್ಯ ಭಾಗದ ಕ್ಯಾಸ್ಕೇಡ್ ಪರ್ವತಸಾಲಿನಲ್ಲಿ ಬೇಸಿಗೆ ಬಂತೆಂದರೆ ಕಡಿದಾದ ಬಂಡೆಗಳ ಸೀಳುಗಳಲ್ಲಿ ಕಡುಗುಲಾಬಿ ಹೂವುಗಳು ಕಿಕ್ಕಿರಿಯುತ್ತವೆ. ಹಿಡಿ ಮಣ್ಣೂ ಸಿಗದ ಜಾಗ ಅದು. ಗಿಡದ ಹೆಸರು ಕ್ಲಿಫ್ ಪೆನ್‌ಸ್ಟೆಮನ್, ಸಸ್ಯವಿಜ್ಞಾನಿಗಳಿಗೆ ಪೆನ್‌ಸ್ಟೆಮನ್ ರುಪಿಕೋಲ. ವಾಷಿಂಗ್ಟನ್, ಆರೆಗಾನ್, ಉತ್ತರ ಕ್ಯಾಲಿಫೋರ್ನಿಯಾ ಇದರ ತವರು. ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ನೆಲೆಸಿ ರಜೆಯಲ್ಲಿ ಬೆಟ್ಟ ಹತ್ತುವ ಕನ್ನಡಿಗರ ಕಣ್ಣಿಗೂ ಇದು ಬಿದ್ದಿರುತ್ತದೆ.

ಗುರುತು ಹಿಡಿಯುವಾಗ ಎಲ್ಲರೂ ಮೊದಲು ನೋಡುವುದು ಹೂವಿನ ಬಣ್ಣವನ್ನು. ಅದೊಂದನ್ನೇ ನಂಬಬೇಡಿ. ಪೆನ್‌ಸ್ಟೆಮನ್ ಕುಲದಲ್ಲಿ 250ಕ್ಕೂ ಹೆಚ್ಚು ಪ್ರಭೇದಗಳಿವೆ, ಬಂಡೆಗೆ ಅಂಟಿಕೊಂಡು ಬದುಕುವ ದಾಯಾದಿಗಳೂ ಇದಕ್ಕೆ ಉಂಟು. ಎಲೆಯಿಂದಲೇ ಶುರುಮಾಡಿ. ಒಂದರಿಂದ ಎರಡು ಸೆಂಟಿಮೀಟರಿನ ದಪ್ಪ ಎಲೆಗಳು, ಕಾಂಡದ ಮೇಲೆ ಎದುರುಬದುರಾಗಿ ಜೋಡಿಜೋಡಿ, ಅಂಚಿಗೆ ಸಣ್ಣ ಹಲ್ಲು. ಕಪ್ಪುದ್ರಾಕ್ಷಿಯ ಮೇಲಿರುವಂಥ ಬೂದುಮೇಣ ಎಲೆಗೆ ನೀಲಿ ಛಾಯೆ ಕೊಡುತ್ತದೆ. ಕಾದ ಬಂಡೆಯ ಮೇಲೆ ನೀರು ಆವಿಯಾಗಿ ಹೋಗದಂತೆ ತಡೆಯುವುದೂ ಈ ಮೇಣವೇ. ಎತ್ತರದ ಶಿಖರಗಳಲ್ಲಿ ಸಿಗುವ ಪೆನ್‌ಸ್ಟೆಮನ್ ಡೇವಿಡ್‌ಸೋನಿಯ ಒಂದು ಬಗೆಗೂ ಎಲೆಯಂಚಿನಲ್ಲಿ ಹಲ್ಲಿರುತ್ತದೆ. ಆದರೆ ಅದರ ಎಲೆ ಹಸಿರು, ಹೂವು ನೀಲಿ-ನೇರಳೆ. ಹಾಗಾಗಿ ಹಲ್ಲಿಗಿಂತ ಮೇಣಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಎಲೆಗಳನ್ನು ಮೆಲ್ಲನೆ ಸರಿಸಿ ಬುಡ ನೋಡಿ. ಗಿಡ ಗೇಣು ಎತ್ತರವೂ ಇರುವುದಿಲ್ಲ, ಆದರೂ ಬುಡ ಗಟ್ಟಿ ಕಟ್ಟಿಗೆ. ತುದಿಯ ರೆಂಬೆಗಳು ಮಾತ್ರ ಮೆತ್ತಗೆ. ಪೂರ್ತಿ ಪೊದೆಯೂ ಅಲ್ಲ, ಮೂಲಿಕೆಯೂ ಅಲ್ಲದ ಇಂಥದ್ದೇ ಉಪಪೊದೆ. ಚಳಿಗಾಲದಲ್ಲೂ ಎಲೆ ಉದುರುವುದಿಲ್ಲ.

ಈಗ ಹೂವಿನೊಳಗೆ ಭೂತಗನ್ನಡಿ ಹಿಡಿಯಿರಿ. ಸುಮಾರು ಮೂರು ಸೆಂಟಿಮೀಟರಿನ ಕೊಳವೆ, ಬಾಯಲ್ಲಿ ಎರಡು ತುಟಿ. ಕೇಸರಗಳು ಐದು, ಆದರೆ ಪರಾಗ ಇರುವುದು ನಾಲ್ಕರಲ್ಲೇ. ಆ ನಾಲ್ಕರ ಪರಾಗಕೋಶಗಳಿಗೂ ಉಣ್ಣೆಯಂಥ ಬಿಳಿ ರೋಮ. ಬಂಡೆವಾಸಿ ದಾಯಾದಿಗಳ ಬಳಗಕ್ಕೆಲ್ಲ ಇರುವ ಗುರುತು ಇದು, ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸದು. ಗುಲಾಬಿ ಕೊಳವೆಯ ಮಕರಂದಕ್ಕೆ ಹಮ್ಮಿಂಗ್‌ಬರ್ಡ್‌ಗಳು ಬರುತ್ತವೆ, ಜೇನ್ನೊಣಗಳ ಬಂಧುಗಳೂ ಬರುತ್ತವೆ.

ರುಪಿಕೋಲವೂ ಡೇವಿಡ್‌ಸೋನಿಯವೂ ಒಂದೇ ಇಳಿಜಾರಿನಲ್ಲಿ ಕೂಡಿದರೆ ಮಿಶ್ರತಳಿ ಹುಟ್ಟಬಹುದು. ಆಗ ಎಲೆಯ ಬೂದುಮೇಣ ಅರ್ಧಂಬರ್ಧ, ಹೂವಿನ ಬಣ್ಣ ಗುಲಾಬಿಗೂ ನೇರಳೆಗೂ ನಡುವೆ. ಅಂಥ ಗಿಡಕ್ಕೆ ಒಂದೇ ಹೆಸರು ಅಂಟಿಸಲು ಹೋಗದೆ, ಸುತ್ತಲಿನ ಗಿಡಗಳನ್ನೂ ನೋಡಿ ಟಿಪ್ಪಣಿಯಲ್ಲಿ ಎರಡೂ ಹೆತ್ತವರನ್ನು ಬರೆದುಕೊಳ್ಳುವುದೇ ಸರಿ.