ಬಹುದೂರದ ಓಟ, ಕಾದ ಬ್ರೇಕು
ಗಂಟೆಗಟ್ಟಲೆ ಓಡುವ ಎಂಡ್ಯೂರೊ ರೇಸಿನಲ್ಲಿ ವೇಗಕ್ಕಿಂತ ಕಾರಿನ ಬಾಳಿಕೆ ದೊಡ್ಡದು. 2006ರಲ್ಲಿ ಅಮೆರಿಕದಲ್ಲಿ ಶುರುವಾದ ‘24 ಅವರ್ಸ್ ಆಫ್ ಲೆಮನ್ಸ್’ನಲ್ಲಿ ಹವ್ಯಾಸಿಗಳು 500 ಡಾಲರಿನ ಹಳೆಯ ಕಾರುಗಳನ್ನು ಓಡಿಸುತ್ತಾರೆ. ಬ್ರೇಕು, ಟೈರುಗಳಂಥ ಸುರಕ್ಷತೆಯ ಖರ್ಚು ಆ ಮಿತಿಗೆ ಸೇರುವುದಿಲ್ಲ, ಮೆಚ್ಚತಕ್ಕ ನಿಯಮ. ಕರ್ನಾಟಕದ ಕಾರು ಸ್ಪರ್ಧೆಗಳಲ್ಲಿ ಒಂದು ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ.

ಬಹುದೂರದ ಓಟದಲ್ಲಿ ಹೆಚ್ಚು ಕಾಡುವುದು ಬ್ರೇಕು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟದ 27 ತಿರುವುಗಳನ್ನು ಬಲ್ಲ ಚಾಲಕರಿಗೆ ಇದು ಗೊತ್ತು. ಪದೇ ಪದೇ ತುಳಿದರೆ ಡಿಸ್ಕ್ ಕಾಯುತ್ತದೆ, ಆ ಕಾವು ಬ್ರೇಕ್ ಆಯಿಲ್‌ಗೆ ತಲುಪುತ್ತದೆ. ಹೊಸ ಡಾಟ್-3 ದರ್ಜೆಯ ಬ್ರೇಕ್ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿಕೊಂಡಿದ್ದರೆ 140ರ ಹೊತ್ತಿಗೇ ಕುದಿಯಬಹುದು. ಆವಿಯ ಗುಳ್ಳೆಗಳು ಒತ್ತಿದಾಗ ಕುಗ್ಗುವುದರಿಂದ ಪೆಡಲ್ ತಳ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ರೇಸಿಗೆ ಮುಂಚೆ ಹಳೆಯ ಆಯಿಲ್ ಬದಲಿಸಿ, ಏರ್ ತೆಗೆಯುವುದು ಅಗ್ಗದ ಕೆಲಸ. ಪ್ರಾಣ ಉಳಿಸುವುದೂ ಅದೇ.

ರೇಡಿಯೇಟರ್ ಹೋಸ್, ವೀಲ್ ಬೇರಿಂಗ್, ಕ್ಲಚ್‌ಗಳನ್ನು ಪರೀಕ್ಷಿಸುವ ಸರದಿ ಆಮೇಲೆ.

ಕಾರು ಸಿದ್ಧವಾದ ಮೇಲೆ ಅಭ್ಯಾಸಕ್ಕೆ ಜಾಗ ಬೇಕು, ಆದರೆ ಗುಂಡ್ಲುಪೇಟೆ–ಬಂಡೀಪುರ ರಸ್ತೆ ಅದಕ್ಕೆ ತಕ್ಕದ್ದಲ್ಲ. ಆನೆ, ಜಿಂಕೆಗಳು ದಾಟುವ ಈ ಕಾಡಿನ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಾಮಾನ್ಯ ಸಂಚಾರವನ್ನೇ ನಿಷೇಧಿಸಲಾಯಿತು.