ಲಾಭ ಏರಿತು, ವ್ಯಾಪಾರ ಏರಲಿಲ್ಲ!

ಕಳೆದ ತಿಂಗಳು ಸಂಘದ ವಾಚನಾಲಯದಲ್ಲಿ ಹಿರಿಯ ಸದಸ್ಯರೊಬ್ಬರು ಕಂಪೆನಿಯೊಂದರ ವಾರ್ಷಿಕ ವರದಿಯನ್ನು ನನ್ನ ಮುಂದಿಟ್ಟರು. ಬ್ಯಾಂಕಿನಿಂದ ನಿವೃತ್ತರಾದವರು, ಗ್ರ್ಯಾಚುಯಿಟಿ ಹಣದಲ್ಲಿ ಒಂದು ಪಾಲನ್ನು ಆ ಕಂಪೆನಿಯ ಷೇರಿಗೆ ಹಾಕಿದ್ದರು. "ನೋಡಿ ಮಾರಾಯ್ರೆ, ಒಂದೇ ವರ್ಷದಲ್ಲಿ ಲಾಭ ಎಷ್ಟು ಏರಿದೆ! ಉಳಿದ ಹಣವನ್ನೂ ಇದಕ್ಕೇ ಹಾಕೋಣವೆಂದಿದ್ದೇನೆ" ಎಂದರು. ವರದಿ ತಿರುವಿ ನೋಡಿದೆ. ಮಾರಾಟ ಹೆಚ್ಚಿರಲಿಲ್ಲ. ತೆರಿಗೆಗೆ ಮೊದಲಿನ ಲಾಭವೂ ಹಿಂದಿನ ವರ್ಷದಷ್ಟೇ ಇತ್ತು. ಏರಿದ್ದು ತೆರಿಗೆ ಕಳೆದ ಮೇಲಿನ ಲಾಭ ಮಾತ್ರ. "ಸ್ವಲ್ಪ ತಡೆಯಿರಿ, ತೆರಿಗೆಯ ಟಿಪ್ಪಣಿ ಓದೋಣ" ಎಂದೆ.

ತೆರಿಗೆಗೆ ಮೊದಲಿನ ಲಾಭದಲ್ಲಿ ಶೇಕಡಾ ಎಷ್ಟು ಪಾಲು ತೆರಿಗೆ ಖರ್ಚಾಯಿತು ಎಂಬುದೇ ಕಂಪೆನಿಯ ಎಫೆಕ್ಟಿವ್ ತೆರಿಗೆ ದರ. ಕಾನೂನಿನ ದರ ಬೇರೆ, ಇದು ಬೇರೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪೆನಿಗಳಿಗೆ ಶೇ. 22ರ ದರ ತಂದಿತು. ಸರ್‌ಚಾರ್ಜ್, ಸೆಸ್ ಸೇರಿದರೆ ಅದು ಶೇ. 25.17. ಇಂಥ ಕಂಪೆನಿಯ ಲಾಭ 100 ಕೋಟಿ ಎನ್ನಿ. ಅದು ಸಮಾಜ ಸೇವೆಗೆ ಮಾಡಿದ 2 ಕೋಟಿ ಕಡ್ಡಾಯ ಖರ್ಚನ್ನು ಇಲಾಖೆ ಖರ್ಚೆಂದು ಒಪ್ಪುವುದಿಲ್ಲ. ಆದ್ದರಿಂದ ತೆರಿಗೆ 102 ಕೋಟಿಯ ಮೇಲೆ. ಎಫೆಕ್ಟಿವ್ ದರ ಶೇ. 25.67 ಆಗುತ್ತದೆ.

ವಿನಾಯಿತಿಗಳಿಂದ ದರ ಇಳಿಯುವುದೂ ಉಂಟು. ಒಂದು ಕಾಲದಲ್ಲಿ ಷೇರುದಾರರಿಗೆ ಲಾಭಾಂಶ ಹಂಚಿ, ಸರಕಾರಕ್ಕೆ ಬಿಡಿಗಾಸೂ ಕಟ್ಟದ ಕಂಪೆನಿಗಳಿದ್ದವು. ಅದಕ್ಕೆಂದೇ 1987ರಲ್ಲಿ ಕನಿಷ್ಠ ತೆರಿಗೆಯ ಪದ್ಧತಿ ಬಂತು. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಿಗೂ ರಫ್ತಿನ ಲಾಭದ ಮೇಲೆ ವಿನಾಯಿತಿ ಇತ್ತು. ಸಾಫ್ಟ್‌ವೇರ್ ಪಾರ್ಕುಗಳ ಆ ಸೌಲಭ್ಯ 2011ರ ಮಾರ್ಚಿಗೆ ಮುಗಿಯಿತು.

ಇನ್ನು ತಕರಾರಿನ ತೆರಿಗೆ. ಕಂಪೆನಿ "ಇದು ಖರ್ಚು" ಎನ್ನುತ್ತದೆ, ಇಲಾಖೆ "ಅಲ್ಲ" ಎನ್ನುತ್ತದೆ. ತೀರ್ಪಿಗೆ ವರ್ಷಗಳೇ ಹಿಡಿಯುತ್ತವೆ. ವೋಡಾಫೋನ್ ಪ್ರಕರಣ ನೆನಪಿರಬಹುದು. 2007ರ ಖರೀದಿಯ ಮೇಲೆ ಸುಮಾರು 11,000 ಕೋಟಿ ರೂಪಾಯಿ ತೆರಿಗೆ ಕೇಳಲಾಯಿತು. 2010ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಇಲಾಖೆ ಗೆದ್ದಿತು, 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕಂಪೆನಿ ಗೆದ್ದಿತು. ಅದೇ ವರ್ಷ ಸಂಸತ್ತು ಪೂರ್ವಾನ್ವಯವಾಗಿ ಕಾನೂನನ್ನೇ ತಿದ್ದಿತು, 2021ರಲ್ಲಿ ಹಿಂತೆಗೆದುಕೊಂಡಿತು!

ಇಂಥ ತಕರಾರಿಗೆ ಲೆಕ್ಕ ಬರೆಯುವುದು ಹೇಗೆ? 2019ರ ಏಪ್ರಿಲಿನಿಂದ ದೊಡ್ಡ ಕಂಪೆನಿಗಳಿಗೆ ನಿಯಮವಿದೆ. ಎಲ್ಲ ಕಾಗದಪತ್ರ ಅಧಿಕಾರಿಯ ಕಣ್ಣಿಗೆ ಬೀಳುತ್ತದೆ ಎಂದೇ ಭಾವಿಸಬೇಕು. ತನ್ನ ವಾದ ಒಪ್ಪಿಗೆಯಾಗುವ ಸಂಭವವೇ ಹೆಚ್ಚೆಂದು ಕಂಡರೆ ಹಣ ತೆಗೆದಿರಿಸಬೇಕಾಗಿಲ್ಲ. ಇಲ್ಲವಾದರೆ ಅಂದಾಜು ಮೊತ್ತವನ್ನು ತೆರಿಗೆ ಖರ್ಚಿಗೆ ಸೇರಿಸಬೇಕು. ಮುಂದೆ ಕಂಪೆನಿ ಗೆದ್ದರೆ ಆ ಮೊತ್ತ ಲಾಭಕ್ಕೆ ಮರಳುತ್ತದೆ. ಸೋತರೆ, ತೆಗೆದಿರಿಸದಿದ್ದ ಹಣ ಒಮ್ಮೆಲೇ ಲಾಭವನ್ನು ನುಂಗುತ್ತದೆ. ಎರಡಕ್ಕೂ ಆ ವರ್ಷದ ವ್ಯಾಪಾರಕ್ಕೂ ಸಂಬಂಧವಿಲ್ಲ.

ನಮ್ಮ ಹಿರಿಯರ ಕಂಪೆನಿಯಲ್ಲಿ ಆದದ್ದೂ ಇದೇ. ಹಳೆಯ ತಕರಾರೊಂದು ಗೆದ್ದು, ತೆಗೆದಿರಿಸಿದ್ದ ಹಣ ಮರಳಿ ಬಂದಿತ್ತು. ಎಫೆಕ್ಟಿವ್ ದರ ಹಿಂದಿನ ವರ್ಷದ ಅರ್ಧಕ್ಕಿಳಿದಿತ್ತು. ಮರುವರ್ಷ ಅದು ಹಳೆಯ ಮಟ್ಟಕ್ಕೇ ಹೋಗುವುದು ಸಹಜ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಷೇರು ಕೊಳ್ಳುವ ಮೊದಲು ಐದು ವರ್ಷಗಳ ತೆರಿಗೆ ದರ ಹೋಲಿಸಿ. ಕಾನೂನಿನ ದರಕ್ಕೂ ಕಂಪೆನಿಯ ದರಕ್ಕೂ ವ್ಯತ್ಯಾಸವೇಕೆಂದು ತಿಳಿಸುವ ಪಟ್ಟಿ ತೆರಿಗೆಯ ಟಿಪ್ಪಣಿಯಲ್ಲಿರುತ್ತದೆ. ತಕರಾರಿನಲ್ಲಿರುವ ಬಾಕಿ ಎಷ್ಟು, ಯಾವ ವರ್ಷದ್ದು, ಯಾರ ಮುಂದಿದೆ ಎಂಬುದು ಆಡಿಟರ ವರದಿಯ ಅನುಬಂಧದಲ್ಲಿರುತ್ತದೆ. ಆ ಮೊತ್ತವನ್ನು ಕಂಪೆನಿಯ ಒಂದು ವರ್ಷದ ಲಾಭದೊಡನೆ ತೂಗಿ ನೋಡಿ.

ಹಿರಿಯರು ವರದಿ ಮಡಚಿ ಚೀಲಕ್ಕೆ ಹಾಕಿದರು. "ಉಳಿದ ಹಣ ಬ್ಯಾಂಕಿನಲ್ಲೇ ಇರಲಿ" ಎಂದು ನಕ್ಕರು. ನನಗೂ ಸಮಾಧಾನವಾಯಿತು.